ಕರಗಿಸಿದ್ದು ಯಾವುದು?



ಈ ಉಪನ್ಯಾಸ ಯಾರ ನೆನಪಿನಲ್ಲಿ ನಡೆಯುತ್ತಿದೆಯೋ ಅವರು ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದವರು. ಒಂದು ಗಾಜಿನ ಲೋಟ, ಅರ್ಧ ಲೋಟ ನೀರು, ಒಂದು ಚಮಚ ಉಪ್ಪು. ಕಲಕಿ, ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು, ‘ಇದರಲ್ಲಿ ಏನಿದೆ?’ ಅನ್ನುತ್ತಿದ್ದರು. ‘ಉಪ್ಪು, ಸರ್’ ಎಂದು ನಾವೆಲ್ಲ ಒಟ್ಟಿಗೆ ಕೂಗುತ್ತಿದ್ದೆವು. ‘ಅರ್ಧ ಮಾರ್ಕು. ಕರಗಿದ್ದು ಉಪ್ಪು. ಕರಗಿಸಿದ್ದು ಯಾವುದು?’ ಲೋಟದ ತುಂಬ ಇದ್ದದ್ದು ನೀರು. ಅದೊಂದನ್ನು ಬಿಟ್ಟು ಮಿಕ್ಕಿದ್ದನ್ನು ನಾವು ಹೇಳಿದ್ದೆವು.

ಮುಂದೆ ಮೂವತ್ತು ವರ್ಷ ನಾನು ಕಾರ್ಖಾನೆ ಕಾರ್ಮಿಕರ ವೈದ್ಯನಾಗಿ ದುಡಿದೆ. ದ್ರಾವಕಗಳ ಆವಿ ಕುಡಿದು ತಲೆ ಸುತ್ತಿ ಬಂದವರನ್ನು ನೋಡುವುದು ನನ್ನ ದಿನದ ಕೆಲಸಗಳಲ್ಲಿ ಒಂದಾಗಿತ್ತು. ಹಾಗಾಗಿ ಪತ್ರಿಕೆಯಲ್ಲಿ ‘ಪೊಲೀಸರು ಲಘು ಲಾಠಿ ಪ್ರಹಾರ ನಡೆಸಿ, ಅಶ್ರುವಾಯು ಸಿಡಿಸಿ ಗುಂಪನ್ನು ಚದುರಿಸಿದರು’ ಎಂಬ ಸಾಲು ಕಂಡಾಗಲೆಲ್ಲ ಮೇಷ್ಟ್ರ ಪ್ರಶ್ನೆ ಕಿವಿಯಲ್ಲಿ ಕೇಳುತ್ತದೆ. ಇವತ್ತು ಆ ಪ್ರಶ್ನೆಯನ್ನೇ ನಿಮ್ಮ ಮುಂದೆ ಇಡಬೇಕೆಂದು ಬಂದಿದ್ದೇನೆ.

ಮೊದಲ ಮಾತು, ಅಶ್ರುವಾಯು ವಾಯುವೇ ಅಲ್ಲ. ಇಂದು ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಸಿಎಸ್ ಎಂಬುದು ಬಿಳಿಯ ಹರಳು ಪುಡಿ. 1928ರಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದ ಮಿಡ್ಲ್‌ಬರಿ ಕಾಲೇಜಿನಲ್ಲಿ ಕಾರ್ಸನ್ ಮತ್ತು ಸ್ಟೌಟನ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಅದನ್ನು ತಯಾರಿಸಿದರು. ಅವರ ಹೆಸರುಗಳ ಮೊದಲಕ್ಷರವೇ ಸಿ ಮತ್ತು ಎಸ್. ಅದು ಕರಗುವುದಕ್ಕೇ ಸುಮಾರು 95 ಡಿಗ್ರಿ ಶಾಖ ಬೇಕು, ಕುದಿಯುವುದಕ್ಕೆ 310. ಮೇಜಿನ ಮೇಲೆ ಇಟ್ಟರೆ ತಾನಾಗಿ ಗಾಳಿಗೆ ಏರುವುದು ತೀರ ಕಡಿಮೆ. ಅದನ್ನು ಜನರ ಕಣ್ಣು, ಮೂಗು, ಗಂಟಲಿಗೆ ಮುಟ್ಟಿಸಬೇಕಾದರೆ ಬೇರೊಂದು ವಸ್ತು ಅದನ್ನು ಹೊತ್ತುಕೊಂಡು ಹೋಗಬೇಕು.

ಹೊರುವ ಕೆಲಸವನ್ನು ಮೂರು ಬಗೆಯಲ್ಲಿ ಮಾಡಿಸುತ್ತಾರೆ. ಒಂದು, ಉರಿಸುವುದು: ಪುಡಿಯನ್ನು ಇಂಧನ ಮತ್ತು ಪೊಟ್ಯಾಸಿಯಂ ಕ್ಲೋರೇಟಿನಂಥ ವಸ್ತುವಿನೊಂದಿಗೆ ಬೆರೆಸಿ ಡಬ್ಬಿಯಲ್ಲಿ ತುಂಬುತ್ತಾರೆ, ಅದು ಉರಿದಾಗ ಸಿಎಸ್ ಆವಿಯಾಗಿ ಹೊರಬಂದು, ತಣ್ಣಗಾಗಿ, ಸಣ್ಣ ಕಣಗಳ ಹೊಗೆಯಾಗುತ್ತದೆ. ಒಗ್ಗರಣೆಯಲ್ಲಿ ಮೆಣಸಿನಕಾಯಿ ಸೀದು ಇಡೀ ಮನೆ ಕೆಮ್ಮುವುದನ್ನು ನೆನಪಿಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಎರಡು, ಪುಡಿಯನ್ನು ಪುಡಿಯಾಗಿಯೇ ಊದುವುದು. ಮೂರು, ಬೇಗ ಆವಿಯಾಗುವ ದ್ರಾವಕವೊಂದರಲ್ಲಿ ಕರಗಿಸಿ ಸಿಂಪಡಿಸುವುದು. ದ್ರಾವಕ ಗಾಳಿಯಲ್ಲಿ ಹಾರಿಹೋಗುತ್ತದೆ, ಸಿಎಸ್ ಕಣಗಳು ಉಳಿಯುತ್ತವೆ.

‘ದ್ರಾವಕ ಹಾರಿಹೋಗುತ್ತದೆ.’ ಇಂಥ ಸಾಧನಗಳ ವಿವರಣೆಗಳಲ್ಲೆಲ್ಲ ಈ ಅರ್ಥದ ಮಾತು ಬರುತ್ತದೆ, ಲೆಕ್ಕ ಅಲ್ಲಿಗೆ ಮುಗಿದಂತೆ. ಹಾರಿ ಎಲ್ಲಿಗೆ ಹೋಗುತ್ತದೆ? ಅಲ್ಲೇ ನಿಂತು ಉಸಿರಾಡುತ್ತಿರುವವರ ಎದೆಗೂಡಿಗೆ ಹೋಗುತ್ತದೆ. ನನ್ನ ಉಪನ್ಯಾಸ ಇರುವುದು ಆ ಭಾಗದ ಬಗ್ಗೆ.

ನಮ್ಮ ದೇಶದ ಮಾತನ್ನು ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ನಮ್ಮ ಪೊಲೀಸರು ಬೀದಿಯಲ್ಲಿ ಬಳಸುವ ಶೆಲ್ಲು, ಗ್ರೆನೇಡುಗಳು ಬಹುಪಾಲು ಉರಿದು ಹೊಗೆ ಕಾರುವಂಥವು. ಗ್ವಾಲಿಯರ್ ಹತ್ತಿರದ ಟೇಕನ್‌ಪುರದಲ್ಲಿ 1976ರಲ್ಲಿ ಸ್ಥಾಪನೆಯಾದ ಗಡಿ ಭದ್ರತಾ ಪಡೆಯ ಅಶ್ರುವಾಯು ಘಟಕ ಇವನ್ನು ತಯಾರಿಸುತ್ತದೆ. ಉರಿಸುವ ವಿಧಾನಕ್ಕೆ ಅದರದೇ ತೊಂದರೆಗಳಿವೆ. ಶಾಖಕ್ಕೆ ಸಿಎಸ್‌ನ ಒಂದಿಷ್ಟು ಭಾಗ ಒಡೆದು ಬೇರೆ ರಾಸಾಯನಿಕಗಳಾಗುತ್ತದೆ. ಅದು ಬೇರೆ ಮಾತು. ಇಲ್ಲಿ ನಾನು ಹೇಳುವ ದ್ರಾವಕದ ಕಥೆ ದಾವಣಗೆರೆಯ ಸರ್ಕಲ್ಲಿನಲ್ಲೋ ಹುಬ್ಬಳ್ಳಿಯ ಚೆನ್ನಮ್ಮ ವೃತ್ತದಲ್ಲೋ ನಡೆದದ್ದು ಎಂದು ದಯವಿಟ್ಟು ತಿಳಿಯಬೇಡಿ. ಅದು ಮುಖ್ಯವಾಗಿ ಅಮೆರಿಕ ಮತ್ತು ಬ್ರಿಟನ್ನಿನದು. ಆದರೆ ಆ ದ್ರಾವಕಗಳು ನಮಗೆ ಅಪರಿಚಿತವಲ್ಲ.

ಸಿಎಸ್ ಕರಗಿಸಲು ಅಮೆರಿಕದಲ್ಲಿ ಬಳಸಿದ್ದು ಮೆಥಿಲೀನ್ ಕ್ಲೋರೈಡ್. ಬೀದರಿನ ಕೊಳಾರ, ಬೆಂಗಳೂರಿನ ಜಿಗಣಿಯಂಥ ಕಡೆ ಔಷಧ ಕಾರ್ಖಾನೆಗಳಲ್ಲಿ ದುಡಿಯುವ ಹುಡುಗರನ್ನು ಕೇಳಿ, ‘ಎಂಡಿಸಿ’ ಅಂದರೆ ಥಟ್ಟನೆ ಗುರುತು ಹಿಡಿಯುತ್ತಾರೆ. ಮೆಥಿಲೀನ್ ಡೈಕ್ಲೋರೈಡ್ ಎಂಬುದರ ಮೊಟಕು ಹೆಸರು ಅದು. ಹಳೆಯ ಬಣ್ಣ ಕಿತ್ತುಹಾಕುವ ‘ರಿಮೂವರ್’ನಲ್ಲಿ ಇದ್ದದ್ದೂ ಬಹುತೇಕ ಇದೇ. ನೀರಿನ ಹಾಗೆ ಬಣ್ಣವಿಲ್ಲದ ದ್ರವ, ಸ್ವಲ್ಪ ಸಿಹಿ ಎನಿಸುವ ವಾಸನೆ. ಕುದಿಯುವುದು ಸುಮಾರು 40 ಡಿಗ್ರಿಗೆ. ಮೇ ತಿಂಗಳ ಕಲಬುರಗಿಯ ಮಧ್ಯಾಹ್ನದಲ್ಲಿ ಬಾಯಿ ತೆರೆದ ಪಾತ್ರೆಯಲ್ಲಿಟ್ಟರೆ ಒಲೆಯಿಲ್ಲದೆ ಕುದ್ದೀತು. ಅದರ ಆವಿ ಗಾಳಿಗಿಂತ ಸುಮಾರು ಮೂರು ಪಟ್ಟು ಭಾರ. ಮುಚ್ಚಿದ ಕೋಣೆಯಲ್ಲಿ, ದ್ರವ ಚೆಲ್ಲಿದ ಜಾಗದ ಹತ್ತಿರ, ಅದು ಕೆಳಗೇ ತಂಗುತ್ತದೆ.

ನಾನು ಇದನ್ನು ಮೊದಲು ಅರಿತದ್ದು ಪುಸ್ತಕದಿಂದಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹಳೆಯ ಮರದ ಪೀಠೋಪಕರಣಗಳ ಬಣ್ಣ ಕೀಳುವ ಒಂದು ಸಣ್ಣ ವರ್ಕ್‌ಶಾಪಿನಿಂದ ಒಬ್ಬ ಹುಡುಗನನ್ನು ಎತ್ತಿಕೊಂಡು ಬಂದರು. ಕಿಟಕಿಯಿಲ್ಲದ ಒಳಕೋಣೆಯಲ್ಲಿ ಬೆಳಗಿನಿಂದ ಕೂತಿದ್ದನಂತೆ. ತಲೆನೋವು, ವಾಕರಿಕೆ, ಕಾಲು ನಿಲ್ಲುತ್ತಿಲ್ಲ. ಕುಡಿದಿದ್ದಾನೆ ಎಂದು ಜೊತೆಗೆ ಬಂದವರು ಬೈಯುತ್ತಿದ್ದರು. ನಾನೂ ಹಾಗೆಯೇ ನಂಬಿದೆ. ಗಾಳಿಯಲ್ಲಿ ಮಲಗಿಸಿದೆ, ಚೇತರಿಸಿಕೊಂಡ, ಸಂಜೆಗೆ ಕಳಿಸಿಕೊಟ್ಟೆ. ಅವನ ಕೈ ಮೂಸಿ ನೋಡಿದ್ದರೆ ಸಾಕಿತ್ತು. ಮರುವಾರ ಅದೇ ಕೋಣೆಯಿಂದ ಇನ್ನೊಬ್ಬ ಬಂದಾಗ ನನಗೆ ಬುದ್ಧಿ ಬಂತು. ಮೊದಲನೆಯವನನ್ನು ಅನುಮಾನದ ಕಣ್ಣಿನಿಂದ ನೋಡಿದ್ದಕ್ಕೆ ನನಗೆ ಇಂದಿಗೂ ನೋವಿದೆ.

ಮೆಥಿಲೀನ್ ಕ್ಲೋರೈಡ್ ಎರಡು ದಾರಿಯಲ್ಲಿ ಹಾನಿ ಮಾಡುತ್ತದೆ. ಮೊದಲನೆಯದು ಮಿದುಳಿನ ಮೇಲೆ: ಮಂಪರು, ತೂರಾಟ, ಪ್ರಮಾಣ ಹೆಚ್ಚಾದರೆ ಪ್ರಜ್ಞೆ ತಪ್ಪಿ ಉಸಿರೇ ನಿಲ್ಲುವುದು. ಎರಡನೆಯದು ಕಣ್ಣಿಗೆ ಕಾಣದ್ದು. ನಮ್ಮ ಯಕೃತ್ತು ಅದನ್ನು ಒಡೆಯುವಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಒಲೆ ಇಟ್ಟು ಮಲಗಿದವರನ್ನು ಕೊಲ್ಲುವ ಅನಿಲ ಅದು. ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು ಆಮ್ಲಜನಕಕ್ಕೆ ಜಾಗ ಇಲ್ಲದಂತೆ ಮಾಡುತ್ತದೆ. ಇಲ್ಲಿ ಆ ಅನಿಲ ಹೊರಗಿನಿಂದ ಬರುವುದಿಲ್ಲ, ದೇಹವೇ ತಯಾರಿಸುತ್ತದೆ. 1972ರಲ್ಲಿ ಅಮೆರಿಕದ ರಿಚರ್ಡ್ ಸ್ಟೂವರ್ಟ್ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದರು. ದ್ರಾವಕ ಕೊಬ್ಬಿನಲ್ಲಿ ಸೇರಿಕೊಳ್ಳುವುದರಿಂದ, ರೋಗಿ ಹೊರಗಿನ ಶುದ್ಧ ಗಾಳಿಗೆ ಬಂದ ಮೇಲೂ ಕೆಲವು ಗಂಟೆ ಒಳಗೆ ವಿಷ ಹುಟ್ಟುತ್ತಲೇ ಇರುತ್ತದೆ.

ಸ್ಟೂವರ್ಟ್ 1976ರಲ್ಲಿ ಇನ್ನೊಂದು ಪ್ರಕರಣ ದಾಖಲಿಸಿದರು. ನಿವೃತ್ತರಾಗಿದ್ದ 66 ವರ್ಷದ ಒಬ್ಬರು ಮನೆಯ ನೆಲಮಾಳಿಗೆಯಲ್ಲಿ ಪೀಠೋಪಕರಣದ ಬಣ್ಣ ಕೀಳುತ್ತಿದ್ದರು. ಹೃದಯಾಘಾತವಾಯಿತು. ಗುಣವಾಗಿ ಬಂದು ಅದೇ ಕೆಲಸಕ್ಕೆ ಕೂತರು, ಮತ್ತೆ ಆಘಾತ. ಮೂರನೆಯ ಸಲ ಉಳಿಯಲಿಲ್ಲ. ಬಣ್ಣ ಕೀಳುವ ಡಬ್ಬಿಗೂ ಹೃದಯಕ್ಕೂ ಸಂಬಂಧ ಇದ್ದೀತೆಂದು ಅವರಿಗೆ ಹೊಳೆಯುವಂತೆಯೇ ಇರಲಿಲ್ಲ. ಅಮೆರಿಕದಲ್ಲಿ 2000ರಿಂದ 2011ರ ನಡುವೆ ಸ್ನಾನದ ತೊಟ್ಟಿಗಳ ಹಳೆಯ ಲೇಪನ ತೆಗೆಯುತ್ತಿದ್ದ 13 ಕೆಲಸಗಾರರು ಬಚ್ಚಲುಮನೆಯಲ್ಲಿಯೇ ಸತ್ತರು. 1980ರಿಂದ 2018ರವರೆಗಿನ ದಾಖಲೆಗಳನ್ನು ಹುಡುಕಿದ ಸಂಶೋಧಕರಿಗೆ ಈ ಒಂದೇ ದ್ರಾವಕದಿಂದಾದ 85 ಸಾವುಗಳು ಸಿಕ್ಕವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2014ರಲ್ಲಿ ಇದನ್ನು ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. 2024ರಲ್ಲಿ ಅಮೆರಿಕ ಇದರ ಬಹುಪಾಲು ಬಳಕೆಗಳನ್ನು ನಿಷೇಧಿಸುವ ನಿಯಮ ತಂದಿತು.

ಅಮೆರಿಕದ ಕಾರ್ಮಿಕ ನಿಯಮ 1997ರಿಂದ ಇದಕ್ಕೆ ಇಟ್ಟಿರುವ ಮಿತಿ ಎಂಟು ಗಂಟೆಯ ಸರಾಸರಿ 25 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ 25 ಪಾಲು. ಕಾಲು ಗಂಟೆಯ ಮಟ್ಟಿಗೆ 125. ವಾಸನೆ ನಮ್ಮ ಮೂಗಿಗೆ ತಿಳಿಯುವುದು ಸುಮಾರು 200 ದಾಟಿದ ಮೇಲೆ. ವಾಸನೆ ಬಂತು ಎನ್ನುವ ಹೊತ್ತಿಗೆ ಮಿತಿ ಎಷ್ಟೋ ಹಿಂದೆ ಉಳಿದಿರುತ್ತದೆ.

ಈಗ ಟೆಕ್ಸಾಸಿನ ವೇಕೊ ಊರಿಗೆ ಬರೋಣ. 1993ರ ಫೆಬ್ರವರಿ 28ರಂದು ಬ್ರಾಂಚ್ ಡೇವಿಡಿಯನ್ ಎಂಬ ಧಾರ್ಮಿಕ ಪಂಗಡದ ನೆಲೆಯ ಮೇಲೆ ಶಸ್ತ್ರಾಸ್ತ್ರ ನಿಯಂತ್ರಣ ಇಲಾಖೆಯ ಅಧಿಕಾರಿಗಳು ದಾಳಿ ಮಾಡಿದರು. ಗುಂಡಿನ ಚಕಮಕಿಯಲ್ಲಿ ಎರಡೂ ಕಡೆ ಜನ ಸತ್ತರು. ಮುತ್ತಿಗೆ 51 ದಿನ ನಡೆಯಿತು. ಒಳಗೆ ಹೆಂಗಸರು, ಮಕ್ಕಳು ಇದ್ದರು. ಏಪ್ರಿಲ್ 19ರ ಬೆಳಗಿನ ಆರರ ಸುಮಾರಿಗೆ ಎಫ್‌ಬಿಐ ಅಶ್ರುವಾಯು ಪ್ರಯೋಗಿಸಲು ಶುರುಮಾಡಿತು. ಉರಿಯುವ ಡಬ್ಬಿಗಳನ್ನು ಮರದ ಕಟ್ಟಡದೊಳಗೆ ಎಸೆದರೆ ಬೆಂಕಿ ಹತ್ತುತ್ತದೆ ಎಂಬ ಎಚ್ಚರಿಕೆಯಿಂದ ಮೆಥಿಲೀನ್ ಕ್ಲೋರೈಡಿನಲ್ಲಿ ಬೆರೆಸಿದ ಸಿಎಸ್ ಆರಿಸಿಕೊಂಡಿದ್ದರು. ಆ ಎಚ್ಚರಿಕೆ ಸರಿಯಾದದ್ದೇ. ಸೇನೆಯ ಎಂಜಿನಿಯರಿಂಗ್ ವಾಹನಗಳ ಉದ್ದನೆಯ ತೋಳುಗಳಿಂದ ಗೋಡೆ ತೂರಿ, ಇಂಗಾಲದ ಡೈಆಕ್ಸೈಡಿನ ಒತ್ತಡದಲ್ಲಿ ದ್ರಾವಣ ಸಿಂಪಡಿಸಿದರು. ಜೊತೆಗೆ ‘ಫೆರೆಟ್’ ಎಂಬ ಪ್ಲಾಸ್ಟಿಕ್ ಗುಂಡುಗಳನ್ನು ಕಿಟಕಿಗಳೊಳಗೆ ಹಾರಿಸಿದರು, ಸುಮಾರು 400. ಯೋಜನೆಯ ಪ್ರಕಾರ 48 ಗಂಟೆಯಲ್ಲಿ ಹಂತಹಂತವಾಗಿ ಮಾಡಬೇಕಾಗಿದ್ದ ಕೆಲಸ, ಒಳಗಿನಿಂದ ಗುಂಡು ಹಾರುತ್ತಲೇ ಕೆಲವೇ ಗಂಟೆಗಳಿಗೆ ಇಳಿಯಿತು. ಮಧ್ಯಾಹ್ನ ಹನ್ನೆರಡು ದಾಟುತ್ತಲೇ ಬೆಂಕಿ ಕಾಣಿಸಿತು. ಆ ದಿನ ಸತ್ತವರು 76.

ಫೆರೆಟ್ ಗುಂಡೊಂದರಲ್ಲಿ ಇದ್ದ ಸಿಎಸ್ ಸುಮಾರು 3.7 ಗ್ರಾಂ. ಮೆಥಿಲೀನ್ ಕ್ಲೋರೈಡ್ ಸುಮಾರು 33 ಗ್ರಾಂ. ವಾಹನದಿಂದ ಸಿಂಪಡಿಸುವ ಒಂದೊಂದು ಸಿಲಿಂಡರಿನಲ್ಲಿ ಸಿಎಸ್ ಸುಮಾರು 30 ಗ್ರಾಂ, ದ್ರಾವಕ ಒಂದು ಕಿಲೋಗಿಂತ ತುಸು ಹೆಚ್ಚು. ಕರಗಿದ್ದಕ್ಕಿಂತ ಕರಗಿಸಿದ್ದು ಒಂದು ಕಡೆ ಒಂಬತ್ತು ಪಟ್ಟು, ಇನ್ನೊಂದು ಕಡೆ ಮೂವತ್ತೈದು ಪಟ್ಟು. ಅದಕ್ಕೆ ಹೆಸರಿಟ್ಟದ್ದು ಮಾತ್ರ ಕರಗಿದ್ದರ ಮೇಲೆ.

ನಮ್ಮ ಮೇಷ್ಟ್ರು ಇದ್ದಿದ್ದರೆ ಇಲ್ಲೇ ಕಪ್ಪುಹಲಗೆಯ ಮೇಲೆ ಲೆಕ್ಕ ಮಾಡಿಸುತ್ತಿದ್ದರು. ಇಲ್ಲಿ ಕೂತಿರುವ ಬಿಎಸ್ಸಿ ವಿದ್ಯಾರ್ಥಿಗಳು ನನ್ನ ಜೊತೆ ಮಾಡಿ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆ. ಗಾಳಿ ಸುಮಾರು 28,300 ಲೀಟರ್. ಮೆಥಿಲೀನ್ ಕ್ಲೋರೈಡಿನ ಅಣುತೂಕ 85. 33 ಗ್ರಾಂ ಅಂದರೆ 0.39 ಮೋಲ್, ಆವಿಯಾದರೆ ಸುಮಾರು ಒಂಬತ್ತೂವರೆ ಲೀಟರ್. ಭಾಗಿಸಿದರೆ 330 ಪಿಪಿಎಂ ಆಸುಪಾಸು. ಒಂದೇ ಒಂದು ಗುಂಡಿಗೆ ಇಷ್ಟು. ಒಂದು ಸಿಲಿಂಡರು ಪೂರ್ತಿ ಆ ಕೋಣೆಯಲ್ಲಿ ಖಾಲಿಯಾದರೆ 10,000 ಪಿಪಿಎಂ ದಾಟುತ್ತದೆ. ಈ ದ್ರಾವಕ ತಕ್ಷಣ ಜೀವಕ್ಕೆ ಅಪಾಯಕಾರಿ ಎಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಗುರುತಿಸಿರುವ ಮಟ್ಟ 2,300.

ಇದು ಗಾಳಿಯಾಡದ ಕೋಣೆಯ ಲೆಕ್ಕ ಎಂಬುದನ್ನು ಮರೆಯಬಾರದು. ಆ ದಿನ ವೇಕೊದಲ್ಲಿ ಬಿರುಗಾಳಿಯಂಥ ಗಾಳಿ ಬೀಸುತ್ತಿತ್ತು, ವಾಹನಗಳು ಗೋಡೆಗಳನ್ನು ಒಡೆದಿದ್ದವು. ಎಷ್ಟೋ ಆವಿ ಹೊರಟುಹೋಗಿರಬೇಕು. ಆದರೆ ಹೆಂಗಸರು, ಮಕ್ಕಳು ಸೇರಿಕೊಂಡಿದ್ದದ್ದು ಒಳಗಿನ ಕಾಂಕ್ರೀಟ್ ಕೋಣೆಯಲ್ಲಿ. ದೊಡ್ಡವರಲ್ಲಿ ಹಲವರಿಗೆ ಮುಖವಾಡಗಳಿದ್ದವು. ಮಕ್ಕಳ ಮುಖಕ್ಕೆ ಅವು ಕೂರುತ್ತಿರಲಿಲ್ಲ, ಒದ್ದೆ ಟವೆಲ್ಲೇ ಗತಿ.

ಆಮೇಲೆ ಏನಾಯಿತು? ಅಮೆರಿಕದ ಸಂಸತ್ತು 1995ರಲ್ಲಿ ವಿಚಾರಣೆ ನಡೆಸಿ 1996ರಲ್ಲಿ ವರದಿ ಕೊಟ್ಟಿತು. ಬಳಸಿದ ಪ್ರಮಾಣದಲ್ಲಿ ಸಿಎಸ್ ಮಾರಕ ಮಟ್ಟ ಮುಟ್ಟಿರುವ ಸಂಭವ ಕಡಿಮೆ ಎಂದಿತು. ಆದರೆ ಹೆಂಗಸರು ಮಕ್ಕಳಿದ್ದ ಆ ಮುಚ್ಚಿದ ಕೋಣೆಯೊಳಗೆ ಅದನ್ನು ನುಗ್ಗಿಸಿದ್ದು, ಉಸಿರುಗಟ್ಟಿ ಆದ ಕೆಲವು ಸಾವುಗಳಿಗೆ ಕಾರಣವಾಗಿರಬಹುದು ಎಂಬುದನ್ನೂ ಬರೆಯಿತು. ಮತ್ತೆ ತನಿಖೆ ನಡೆಸಿದ ಡ್ಯಾನ್‌ಫರ್ತ್ ಅವರ 2000ದ ವರದಿ, ಬೆಂಕಿ ಹಚ್ಚಿದ್ದು ಒಳಗಿದ್ದವರೇ ಎಂದು ತೀರ್ಮಾನಿಸಿತು. ನಾನು ಆ ತೀರ್ಮಾನಗಳ ಜೊತೆ ಜಗಳಕ್ಕೆ ನಿಂತಿಲ್ಲ. ವೈದ್ಯನಾಗಿ ನನ್ನನ್ನು ಕಾಡುವುದು ಬೇರೆ. ಬೆಂಕಿಯಲ್ಲಿ ಸತ್ತವರ ರಕ್ತದಲ್ಲಿ ಸಾಮಾನ್ಯವಾಗಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಮೆಥಿಲೀನ್ ಕ್ಲೋರೈಡ್ ಉಸಿರಾಡಿದವರ ರಕ್ತದಲ್ಲೂ ಇರುತ್ತದೆ. ಎರಡು ಮೂಲದಿಂದ ಬಂದ ಒಂದೇ ವಿಷವನ್ನು ಬೇರೆ ಮಾಡಿ ತೋರಿಸುವುದು ಬಲು ಕಷ್ಟ. ದ್ರಾವಕ ಬಿಟ್ಟುಹೋದ ಗುರುತನ್ನು ಬೆಂಕಿ ಅಳಿಸಿಹಾಕುತ್ತದೆ. ಆ ಆರು ಗಂಟೆಗಳಲ್ಲಿ ಒಳಗಿದ್ದವರು ಮಂಪರು ಕವಿದು ಕೂತಿದ್ದರೋ, ಹೊರಗೆ ಬರಲು ಕಾಲು ಏಳುತ್ತಿರಲಿಲ್ಲವೋ ಎಂದು ಸತ್ತವರನ್ನು ಕೇಳುವ ಹಾಗಿಲ್ಲ. ಅಶ್ರುವಾಯುವಿನ ಉದ್ದೇಶ ಜನರನ್ನು ಹೊರಗೆ ಬರುವಂತೆ ಮಾಡುವುದು. ಅದನ್ನು ಹೊತ್ತ ದ್ರಾವಕದ ಗುಣ ಮನುಷ್ಯನನ್ನು ಮಂಕಾಗಿಸಿ ಕೂರಿಸುವುದು. ಈ ಎರಡನ್ನು ಒಂದೇ ಸಿಲಿಂಡರಿನಲ್ಲಿ ತುಂಬಿದ್ದರು.

ಬ್ರಿಟನ್ನಿನ ಕಥೆಯಲ್ಲಿ ಇಂಥ ದುರಂತವಿಲ್ಲ, ಆದರೆ ಕಲಿಯುವುದು ಹೆಚ್ಚಿದೆ. 1996ರಿಂದ ಅಲ್ಲಿನ ಪೊಲೀಸರಿಗೆ ಸೊಂಟದಲ್ಲಿ ಸಿಕ್ಕಿಸಿಕೊಳ್ಳುವ ಸಿಎಸ್ ಸ್ಪ್ರೇ ಕೊಟ್ಟರು. ಅದರಲ್ಲಿ ಸಿಎಸ್ ಶೇಕಡಾ 5, ಮಿಕ್ಕಿದ್ದು ಮೀಥೈಲ್ ಐಸೊಬ್ಯುಟೈಲ್ ಕೀಟೋನ್. ನಮ್ಮ ಕಾರ್ಖಾನೆಗಳಲ್ಲಿ ‘ಎಂಐಬಿಕೆ’ ಎನ್ನುತ್ತಾರೆ. ಪೇಂಟು, ಥಿನ್ನರುಗಳ ಬಳಗಕ್ಕೆ ಸೇರಿದ್ದು. ಚರ್ಮದ ಜಿಡ್ಡನ್ನು ತೆಗೆದುಹಾಕಿ ಒಣಗಿಸುತ್ತದೆ, ಹಾಗೆ ಬರಿದಾದ ಚರ್ಮಕ್ಕೆ ಸಿಎಸ್ ಇನ್ನಷ್ಟು ಉರಿ ತರುತ್ತದೆ. ಆವಿ ಹೆಚ್ಚಾದರೆ ತಲೆನೋವು, ತಲೆಸುತ್ತು. ಬೇಗ ಬೆಂಕಿ ಹಿಡಿಯುತ್ತದೆ; ಇದನ್ನು ಸಿಂಪಡಿಸಿದವರ ಮೇಲೆ ವಿದ್ಯುತ್ ಆಘಾತದ ಟೇಸರ್ ಬಳಸಿದರೆ ಉರಿ ಹತ್ತಬಹುದು ಎಂಬ ಎಚ್ಚರಿಕೆ ಅಲ್ಲಿ ಹುಟ್ಟಿದ್ದು ಅದಕ್ಕೇ. ಸ್ಪ್ರೇ ತಗುಲಿದವರನ್ನು ಆಸ್ಪತ್ರೆಗೆ ತಂದಾಗ ಅವರ ಬಟ್ಟೆಯಿಂದ ಏಳುವ ಘಾಟಿಗೆ ತುರ್ತು ಚಿಕಿತ್ಸೆಯ ನರ್ಸುಗಳ, ವೈದ್ಯರ ಕಣ್ಣು ಗಂಟಲುಗಳೂ ಉರಿದ ಪ್ರಕರಣಗಳಿವೆ. ಎಂಐಬಿಕೆಯನ್ನು ಕ್ಯಾನ್ಸರ್ ಸಂಸ್ಥೆ 2011ರಲ್ಲಿ, ಕ್ಯಾನ್ಸರ್ ತರುವ ಸಾಧ್ಯತೆಯಿರುವ ವಸ್ತುಗಳ ಗುಂಪಿಗೆ ಸೇರಿಸಿತು. ಆ ನಿರ್ಧಾರ ಮುಖ್ಯವಾಗಿ ಪ್ರಾಣಿಗಳ ಮೇಲಿನ ಪ್ರಯೋಗಗಳನ್ನು ಆಧರಿಸಿದ್ದು. ಒಮ್ಮೆ ಸ್ಪ್ರೇ ತಗುಲಿದವರು ಅದಕ್ಕಾಗಿ ಹೆದರಬೇಕಿಲ್ಲ. ದಿನವೂ ತರಬೇತಿ ಕೊಡುವ ಅಧಿಕಾರಿಯ ವಿಷಯ ಬೇರೆ.

ಬ್ರಿಟಿಷ್ ಸರ್ಕಾರದ ವಿಷತ್ವ ಸಮಿತಿ 1999ರಲ್ಲಿ ಸಿಎಸ್ ಮತ್ತು ಎಂಐಬಿಕೆ ಎರಡನ್ನೂ ಪರಿಶೀಲಿಸಿತು. ಆರೋಗ್ಯವಂತರಿಗೆ ದೊಡ್ಡ ಆತಂಕವಿಲ್ಲ, ಅಸ್ತಮಾದಂಥ ಶ್ವಾಸಕೋಶದ ತೊಂದರೆ ಇರುವವರ ಬಗ್ಗೆ ಕಾಳಜಿ ಬೇಕು ಎಂಬ ದಿಕ್ಕಿನಲ್ಲಿತ್ತು ಅದರ ಅಭಿಪ್ರಾಯ. ಆ ಅಭಿಪ್ರಾಯಕ್ಕಿಂತ ಅವರು ದ್ರಾವಕವನ್ನು ಹೆಸರು ಹಿಡಿದು ಕರೆದು ಮೇಜಿನ ಮೇಲೆ ಇಟ್ಟದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ಮುಂದೆ ಅಲ್ಲಿನ ಪೊಲೀಸ್ ಪಡೆಗಳಲ್ಲಿ ಬಹಳಷ್ಟು ‘ಪಾವಾ’ ಎಂಬ ಮೆಣಸಿನ ಖಾರದಂಥ ವಸ್ತುವಿನ ಸ್ಪ್ರೇಗೆ ಬದಲಾದವು. ಅದನ್ನು ಕರಗಿಸಿರುವುದು ನೀರು ಮತ್ತು ಎಥನಾಲಿನಲ್ಲಿ. ಅಂದರೆ ದ್ರಾವಕ ಎಂಬುದು ಯಾರೋ ಕೂತು ಮಾಡುವ ಆಯ್ಕೆ. ಬೇರೆ ಆಯ್ಕೆ ಸಾಧ್ಯ.

ಹೀಗೆ ಪರಿಶೀಲಿಸುವ ಕ್ರಮದ ಬೇರು ಇನ್ನೂ ಹಿಂದಿದೆ. 1969ರ ಆಗಸ್ಟಿನಲ್ಲಿ ಉತ್ತರ ಐರ್ಲೆಂಡಿನ ಡೆರಿ ನಗರದ ಬಾಗ್‌ಸೈಡ್ ಬಡಾವಣೆಯಲ್ಲಿ ಪೊಲೀಸರು ಹೇರಳವಾಗಿ ಸಿಎಸ್ ಬಳಸಿದರು. ಮನೆಗಳೊಳಗೂ ಅದು ಹೊಕ್ಕಿತು. ಜನರ ದೂರಿನ ಮೇಲೆ ಸರ್ ಹೆರಾಲ್ಡ್ ಹಿಮ್ಸ್‌ವರ್ತ್ ಅಧ್ಯಕ್ಷತೆಯಲ್ಲಿ ಸಮಿತಿ ಕೂತು, 1971ರಲ್ಲಿ ಒಂದು ಬಹುಮುಖ್ಯ ಮಾತು ಹೇಳಿತು: ಇಂಥ ರಾಸಾಯನಿಕವನ್ನು ಪರೀಕ್ಷಿಸುವಾಗ ಆಯುಧವನ್ನು ಪರೀಕ್ಷಿಸಿದಂತೆ ಪರೀಕ್ಷಿಸಬೇಡಿ, ಹೊಸ ಔಷಧವನ್ನು ಪರೀಕ್ಷಿಸಿದಂತೆ ಪರೀಕ್ಷಿಸಿ. ಏಕೆಂದರೆ ಗುಂಪಿನಲ್ಲಿ ಮುದುಕರು, ಬಸುರಿಯರು, ಕೂಸುಗಳು, ಉಬ್ಬಸದವರು ಎಲ್ಲರೂ ಇರುತ್ತಾರೆ.

ಔಷಧದ ಹಾಗೆ ಅಂದರೆ ಏನು? ಔಷಧದ ಲೋಕ ದ್ರಾವಕದ ಪಾಠವನ್ನು ಮಕ್ಕಳ ಹೆಣಗಳ ಮೇಲೆ ಕಲಿತಿದೆ. 1937ರಲ್ಲಿ ಅಮೆರಿಕದಲ್ಲಿ ಸಲ್ಫನಿಲಮೈಡ್ ಎಂಬ ಒಳ್ಳೆಯ ಔಷಧವನ್ನು, ಮಕ್ಕಳಿಗೆ ಕುಡಿಸಲು ಅನುಕೂಲವಾಗಲೆಂದು, ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿ ಮಾರಿದರು. ನೂರಕ್ಕೂ ಹೆಚ್ಚು ಜನ ಸತ್ತರು. ಔಷಧದಲ್ಲಿ ದೋಷವಿರಲಿಲ್ಲ, ಅದನ್ನು ಕರಗಿಸಿದ್ದೇ ಕೊಂದಿತು. ಮರುವರ್ಷವೇ ಅಲ್ಲಿ ಹೊಸ ಔಷಧ ಕಾಯ್ದೆ ಬಂತು. ಅದೇ ವಿಷ 1986ರಲ್ಲಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಗ್ಲಿಸರಿನ್ನಿನ ಮೂಲಕ 14 ಜನರನ್ನು ಬಲಿ ತೆಗೆದುಕೊಂಡಿತು. 2022ರಲ್ಲಿ ಗ್ಯಾಂಬಿಯಾದ ಎಳೆಯ ಮಕ್ಕಳು ಭಾರತದಿಂದ ಹೋದ ಸಿರಪ್ಪು ಕುಡಿದು ಸತ್ತರೆಂಬ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎಂಬತ್ತೈದು ವರ್ಷವಾದರೂ ಅದೇ ಪ್ರಶ್ನೆಯನ್ನು ಕೇಳುವವರಿರಲಿಲ್ಲ. ಅಷ್ಟಾದರೂ ಔಷಧದ ಬಾಟಲಿಯ ಬಗ್ಗೆ ಕೇಳಲು ಒಂದು ಕಾನೂನಿದೆ, ಒಬ್ಬ ಇನ್‌ಸ್ಪೆಕ್ಟರ್ ಇದ್ದಾನೆ, ಒಂದು ಪ್ರಯೋಗಾಲಯವಿದೆ. ಉಸಿರಿನ ಮೂಲಕ ಒಳಗೆ ಹೋಗುವ ಈ ದ್ರಾವಣದ ಬಗ್ಗೆ?

1993ರ ರಾಸಾಯನಿಕ ಅಸ್ತ್ರಗಳ ಒಪ್ಪಂದ ಅಶ್ರುವಾಯುವನ್ನು ಯುದ್ಧದಲ್ಲಿ ನಿಷೇಧಿಸುತ್ತದೆ, ಕಾನೂನು ಪಾಲನೆಗೆ ಬಿಡುತ್ತದೆ. ಬೇಗನೆ ಉರಿ ತಂದು, ಅದರಿಂದ ದೂರ ಹೋದ ಸ್ವಲ್ಪ ಹೊತ್ತಿಗೆ ಪರಿಣಾಮ ಮಾಯವಾಗುವ ರಾಸಾಯನಿಕ ಎಂಬುದು ಅದರ ವ್ಯಾಖ್ಯೆ. ಸಿಎಸ್ ಎಂಬ ಪುಡಿಯನ್ನು ಮನಸ್ಸಿನಲ್ಲಿಟ್ಟು ನೋಡಿದರೆ ಆ ವ್ಯಾಖ್ಯೆ ಒಪ್ಪಬಹುದೇನೋ. ಅಲ್ಲೂ ಪ್ರಶ್ನೆಗಳಿವೆ: ಅಮೆರಿಕದ ಸೇನೆಯ ತರಬೇತಿ ಶಿಬಿರವೊಂದರಲ್ಲಿ 6,723 ಯುವಕ ಯುವತಿಯರನ್ನು ಗಮನಿಸಿದಾಗ, ಸಿಎಸ್ ಕೋಣೆಯ ತರಬೇತಿಯ ನಂತರದ ದಿನಗಳಲ್ಲಿ ಉಸಿರಾಟದ ಕಾಯಿಲೆಯ ಅಪಾಯ ಎರಡು ಪಟ್ಟಿಗೂ ಹೆಚ್ಚಿತ್ತೆಂದು 2014ರಲ್ಲಿ ಪ್ರಕಟವಾಯಿತು. ಆದರೆ ಗಂಟೆಗಟ್ಟಲೆ ದೇಹದೊಳಗೆ ಕಾರ್ಬನ್ ಮಾನಾಕ್ಸೈಡ್ ಹುಟ್ಟಿಸುವ ದ್ರಾವಕವನ್ನು ಆ ವ್ಯಾಖ್ಯೆಯೊಳಗೆ ಹೇಗೆ ಕೂರಿಸುವುದು? ದೂರ ಹೋದರೆ ಸರಿಹೋಗುವ ವಸ್ತು ಅದಲ್ಲ.

ನಮ್ಮ ಕಾನೂನಿನಲ್ಲಿ ಭೋಪಾಲದ ಅನಿಲ ದುರಂತದ ನಂತರ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದರು. ಅಪಾಯಕಾರಿ ವಸ್ತುಗಳ ಮಾಹಿತಿಯನ್ನು ಕಾರ್ಮಿಕರಿಗೂ ಸುತ್ತಲಿನ ಜನರಿಗೂ ಕೊಡುವುದು ಕಡ್ಡಾಯವಾಯಿತು, ಗಾಳಿಯಲ್ಲಿ ಯಾವ ರಾಸಾಯನಿಕ ಎಷ್ಟಿರಬಹುದು ಎಂಬ ಪಟ್ಟಿ ಬಂತು. ಡ್ರಮ್ಮಿನ ಮೇಲೆ ಹೆಸರು ಬರೆಯಿರಿ, ಮಾಹಿತಿ ಹಾಳೆ ಇಡಿ, ಫ್ಯಾನು ಹಾಕಿ ಎಂದು ನನ್ನಂಥವರು ಮಾಲೀಕರೊಂದಿಗೆ ಕೂಗಾಡಲು ಅದೊಂದು ಆಧಾರವಾಯಿತು. ಡ್ರಮ್ಮಿನ ಪಕ್ಕ ನಿಂತವನಿಗೆ ಇರುವ ಹಕ್ಕು, ಅದೇ ದ್ರಾವಕವನ್ನು ಬೀದಿಯಲ್ಲೋ ಕೋಣೆಯಲ್ಲೋ ಮುಖಕ್ಕೆ ಎರಚಿಸಿಕೊಂಡವನಿಗೂ, ಎರಚಿದ ಕಾನ್‌ಸ್ಟೆಬಲ್‌ಗೂ ಇರಬೇಕು ಎನ್ನುವುದಷ್ಟೇ ನನ್ನ ಬೇಡಿಕೆ. ಕಾನ್‌ಸ್ಟೆಬಲ್ ಅಂದದ್ದು ಯೋಚಿಸಿಯೇ. ಎಲ್ಲರಿಗಿಂತ ಹೆಚ್ಚು ಸಲ, ಎಲ್ಲರಿಗಿಂತ ಹತ್ತಿರದಿಂದ ಇದನ್ನು ಉಸಿರಾಡುವವನು ಅವನು.

ಹಾವೇರಿ ಸೀಮೆಯವರಾದ ನಮಗೆ ಮೆಣಸಿನಕಾಯಿಯ ಬಗ್ಗೆ ಯಾರೂ ಹೇಳಿಕೊಡಬೇಕಿಲ್ಲ. ಬ್ಯಾಡಗಿ ಮಾರುಕಟ್ಟೆಯ ದಿನ ಚೀಲಗಳ ನಡುವೆ ನಡೆದವರಿಗೆ ಘಾಟು ಅಂದರೇನು ಗೊತ್ತು. ನಮ್ಮ ಬ್ಯಾಡಗಿ ಕಾಯಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಆ ಬಣ್ಣವನ್ನು ಎಣ್ಣೆಯಂತೆ ತೆಗೆಯುವ ಘಟಕಗಳಲ್ಲೂ ದ್ರಾವಕ ಬಳಸುತ್ತಾರೆ, ಕೊನೆಗೆ ಅದರ ಎಷ್ಟು ಅಂಶ ಉಳಿಯಬಹುದು ಎಂಬುದಕ್ಕೆ ಆಹಾರ ನಿಯಮವಿದೆ. ಅಂದರೆ ತಿನ್ನುವ ಮೆಣಸಿಗೆ ಲೆಕ್ಕವಿದೆ. ಪೆಪ್ಪರ್ ಸ್ಪ್ರೇಯ ಮೆಣಸಿಗೆ? 2014ರ ಫೆಬ್ರವರಿ 13ರಂದು ಲೋಕಸಭೆಯಲ್ಲಿ ಆಂಧ್ರಪ್ರದೇಶದ ವಿಭಜನೆಯ ಮಸೂದೆಯ ಗದ್ದಲದ ನಡುವೆ ಸದಸ್ಯರೊಬ್ಬರು ಪೆಪ್ಪರ್ ಸ್ಪ್ರೇ ಸಿಂಪಡಿಸಿದರು. ಸದಸ್ಯರು ಕೆಮ್ಮುತ್ತ ಹೊರಗೋಡಿದರು, ಕೆಲವರನ್ನು ಆಸ್ಪತ್ರೆಗೆ ಒಯ್ದರು. ದೇಶದ ಅತ್ಯುನ್ನತ ಸದನದ ಮುಚ್ಚಿದ ಸಭಾಂಗಣದಲ್ಲಿ ನಡೆದದ್ದು ಇದು. ಈ ಬಗೆಯ ಸ್ಪ್ರೇಗಳಲ್ಲಿ ಬೇರೆ ಬೇರೆ ಕಾಲ, ದೇಶಗಳಲ್ಲಿ ನೀರು, ಎಥನಾಲ್, ಐಸೊಪ್ರೊಪೈಲ್ ಆಲ್ಕೊಹಾಲ್, ಮೆಥಿಲೀನ್ ಕ್ಲೋರೈಡ್, ಟ್ರೈಕ್ಲೋರೋಎಥಿಲೀನ್‌ಗಳನ್ನು ಬಳಸಿದ್ದಾರೆ. ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ.

ಈ ಉಪನ್ಯಾಸಕ್ಕೆ ತಯಾರಾಗುವಾಗ ಪೇಟೆಯಲ್ಲಿ ಒಂದು ಡಬ್ಬಿ ಕೊಂಡೆ. ಹೆಣ್ಣುಮಕ್ಕಳ ಕೈಚೀಲಕ್ಕೆಂದು ಮಾರುವುದು, ನನ್ನ ಮೊಮ್ಮಗಳ ಚೀಲದಲ್ಲೂ ಒಂದಿದೆ, ಇರಲಿ, ಬೇಡ ಎನ್ನುವುದಿಲ್ಲ. ಲೇಬಲ್ಲಿನಲ್ಲಿ ಖಾರದ ಪ್ರಮಾಣ ದಪ್ಪ ಅಕ್ಷರದಲ್ಲಿದೆ. ಎಷ್ಟು ಅಡಿ ದೂರ ಚಿಮ್ಮುತ್ತದೆ ಎಂದಿದೆ. ದ್ರಾವಕದ ಹೆಸರು ಹುಡುಕಲು ಭೂತಗನ್ನಡಿ ಹಿಡಿದೆ, ಸಿಗಲಿಲ್ಲ.

ಇಲ್ಲಿರುವ ನರ್ಸಿಂಗ್ ವಿದ್ಯಾರ್ಥಿಗಳಿಗೆ ಕೆಲವು ಮಾತು ಹೇಳಿ ಮುಗಿಸುತ್ತೇನೆ, ಏಕೆಂದರೆ ನಾಳೆ ರಾತ್ರಿಪಾಳಿಯಲ್ಲಿ ಇಂಥವರು ಬಂದರೆ ಮೊದಲು ಮುಟ್ಟುವುದು ನೀವು. ರೋಗಿಯನ್ನು ಗಾಳಿಯಾಡುವ ಕಡೆ ಇರಿಸಿ. ಗ್ಲೌಸು ಹಾಕಿಕೊಂಡು ಹೊರಬಟ್ಟೆ ತೆಗೆಸಿ. ಕಣ್ಣನ್ನು ಧಾರಾಳ ನೀರಿನಿಂದ ತೊಳೆಯಿರಿ. ಸ್ಪ್ರೇ ಮಾಡಿದ್ದು ಬಯಲಿನಲ್ಲೋ ಕೋಣೆಯಲ್ಲೋ, ಎಷ್ಟು ಹೊತ್ತು ಅಲ್ಲಿದ್ದರು ಎಂದು ಕೇಳಿ ಬರೆದುಕೊಳ್ಳಿ. ಕಣ್ಣಿನ ಉರಿ ಇಳಿದ ಮೇಲೂ ತಲೆನೋವು, ತೂಕಡಿಕೆ, ಎದೆ ಬಿಗಿತ ಉಳಿದರೆ ಮನೆಗೆ ಕಳಿಸಬೇಡಿ. ಕೊರೋನಾ ಕಾಲದಲ್ಲಿ ಮನೆಮನೆಗೆ ಬಂದ ಬೆರಳಿನ ಆಕ್ಸಿಮೀಟರು ಇಲ್ಲಿ ಮೋಸ ಮಾಡುತ್ತದೆ. ಕಾರ್ಬನ್ ಮಾನಾಕ್ಸೈಡ್ ಹಿಡಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತವೆಂದೇ ಓದಿ 98 ತೋರಿಸಬಹುದು. ಅದನ್ನು ನಂಬದೆ ಆಮ್ಲಜನಕ ಕೊಡಲು ವೈದ್ಯರನ್ನು ಕೇಳಿ, ರಕ್ತದಲ್ಲಿ ಕಾರ್ಬಾಕ್ಸಿ ಹಿಮೋಗ್ಲೋಬಿನ್ ಅಳೆಯಲು ಹೇಳಿ. ಬಿಚ್ಚಿದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ, ಇನ್ನೊಂದು ಚೀಲದಲ್ಲಿ ಹಾಕಿ ವಾರ್ಡಿನ ಹೊರಗಿಡಿ. ಜೊತೆಗೆ ಬಂದವರ ಕೈಯಲ್ಲಿ ಖಾಲಿ ಡಬ್ಬಿಯೋ ಶೆಲ್ಲೋ ಇದ್ದರೆ ಎಸೆಯಲು ಬಿಡಬೇಡಿ. ಅದರ ಮೇಲೆ ಏನು ಬರೆದಿದೆಯೋ ಅಷ್ಟನ್ನೂ ಕೇಸ್ ಶೀಟಿಗೆ ಇಳಿಸಿ, ದ್ರಾವಕದ ಹೆಸರು ಇಲ್ಲದಿದ್ದರೆ ‘ಹೆಸರು ಇಲ್ಲ’ ಎಂದೂ ಬರೆಯಿರಿ.